ಕುದಿಯುತ್ತ ಹೆಪ್ಪುಗಟ್ಟುವ ವಿಚಿತ್ರ

ಕುದಿಯುವುದೆಂದರೆ ಬಿಸಿ, ಹೆಪ್ಪುಗಟ್ಟುವುದೆಂದರೆ ತಣ್ಪು. ಇವೆರಡೂ ಒಂದೇ ಪಾತ್ರೆಯಲ್ಲಿ, ಒಂದೇ ದ್ರವಕ್ಕೆ, ಒಂದೇ ಗಳಿಗೆಯಲ್ಲಿ ಸಂಭವಿಸುತ್ತವೆಂದರೆ ವಾಚಕರು ನಂಬಲಾರರು. ಅಡಿಗೆಮನೆಯ ಅನುಭವವೆಲ್ಲವೂ ಇದಕ್ಕೆ ವಿರೋಧವಾಗಿಯೇ ಸಾಕ್ಷಿ ನುಡಿಯುತ್ತದೆ. ಆದರೂ ಇದು ನಿಜ. ಗಾಜಿನ ಪಾತ್ರೆಯೊಂದರಲ್ಲಿ ದ್ರವರೂಪದ ಸಾರಜನಕವನ್ನು ಇಟ್ಟು, ಅದರ ಮೇಲೆ ಗಾಜಿನ ಗಂಟೆಯನ್ನು ಕವಿಚಿ, ಒಳಗಿನ ಗಾಳಿಯನ್ನು ಪಂಪಿನಿಂದ ಸೆಳೆಯುತ್ತ ಹೋದರೆ, ಆ ದ್ರವವು ಮೊದಲು ಭೋರೆಂದು ಕುದಿಯುತ್ತದೆ. ಕೆಲವು ನಿಮಿಷಗಳು ಕಳೆಯುವಷ್ಟರಲ್ಲಿ ಅದರ ಮೇಲೆ ಬೆಳ್ಳನೆಯ ಕೆನೆಯೊಂದು ಕಟ್ಟುತ್ತದೆ. ಕೆಳಗಿನಿಂದ ಏಳುವ ಗುಳ್ಳೆಗಳು ಆ ಕೆನೆಯನ್ನು ಒಡೆದು ಮೇಲಕ್ಕೆಸೆಯುತ್ತವೆ. ಒಡೆದದ್ದು ಮತ್ತೆ ಕೂಡಿಕೊಳ್ಳುತ್ತದೆ. ಕೊನೆಗೆ ಎಲ್ಲವೂ ನಿಶ್ಚಲವಾಗಿ ಪಾತ್ರೆಯ ತಳದಲ್ಲಿ ಬಿಳಿಯ ಗಡ್ಡೆಯೊಂದು ಉಳಿಯುತ್ತದೆ. ಹೊರಗಿನಿಂದ ಯಾರೂ ಅದಕ್ಕೆ ತಂಪನ್ನು ಕೊಟ್ಟಿಲ್ಲ. ತನ್ನ ಒಂದಂಶವನ್ನು ಕಳೆದುಕೊಂಡು ಅದು ತನ್ನನ್ನು ತಾನೇ ಹೆಪ್ಪುಗಟ್ಟಿಸಿಕೊಂಡಿದೆ.

ಇದರ ಗುಟ್ಟು ಬೇಸಗೆಯಲ್ಲಿ ಮನೆಯ ಮೂಲೆಯ ಮರಳ ಮೇಲೆ ಕುಳಿತಿರುವ ಮಣ್ಣಿನ ಹೂಜಿಯಲ್ಲಿದೆ. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗಬೇಕಾದರೆ ಉಷ್ಣ ಬೇಕು. ಕೆಳಗೆ ಬೆಂಕಿಯಿಲ್ಲ, ಆದುದರಿಂದ ಆ ಉಷ್ಣವನ್ನು ಅದು ಒಳಗಿರುವ ನೀರಿನಿಂದಲೇ ವಸೂಲು ಮಾಡುತ್ತದೆ. ದ್ರವದಲ್ಲಿರುವ ಅಣುಗಳೆಲ್ಲ ಒಂದೇ ವೇಗದಿಂದ ಚಲಿಸುವುದಿಲ್ಲ. ಕೆಲವು ಚುರುಕು, ಕೆಲವು ಮಂದ. ಮೇಲ್ಮೈಯನ್ನು ಭೇದಿಸಿ ಹಾರಿಹೋಗಬಲ್ಲವು ಚುರುಕಾದವು ಮಾತ್ರ. ಊರಿನ ಶ್ರೀಮಂತರೆಲ್ಲ ಒಬ್ಬೊಬ್ಬರಾಗಿ ಪಟ್ಟಣಕ್ಕೆ ಹೊರಟುಹೋದರೆ, ಉಳಿದವರ ಗಂಟನ್ನು ಯಾರೂ ಕದಿಯದಿದ್ದರೂ, ಊರಿನ ಸರಾಸರಿ ಸಂಪತ್ತು ಇಳಿದುಹೋಗುವುದಷ್ಟೆ? ದ್ರವದಲ್ಲಿ ನಡೆಯುವುದೂ ಅದೇ. ಚುರುಕಾದವು ಹೋದಂತೆಲ್ಲ ಉಳಿದ ಅಣುಗಳ ಸರಾಸರಿ ವೇಗ ತಗ್ಗುತ್ತದೆ. ಉಷ್ಣತೆಯೆಂದು ನಾವು ಕರೆಯುವುದು ಆ ಸರಾಸರಿಯ ಅಳತೆಯನ್ನೇ.

ಹಾಗಾದರೆ ಹೂಜಿಯ ನೀರು ಮಂಜುಗಡ್ಡೆಯಾಗದೆ ಬರಿಯ ತಂಪಾಗಿ ನಿಂತುಬಿಡುವುದೇಕೆ? ಇದಕ್ಕೆ ಎರಡು ಅಡ್ಡಿಗಳು. ಹಾರಿಹೋದ ಅಣುಗಳು ಮೇಲಿನ ಗಾಳಿಯಲ್ಲಿಯೇ ಸುತ್ತಾಡಿ, ಅವುಗಳಲ್ಲಿ ಅನೇಕವು ಮರಳಿ ನೀರಿಗೆ ಬೀಳುತ್ತವೆ. ಬೀಳುವಾಗ ತಾವು ಒಯ್ದ ಉಷ್ಣವನ್ನೂ ಹಿಂದಕ್ಕೆ ತರುತ್ತವೆ. ಕರಾವಳಿಯ ಮಳೆಗಾಲದಲ್ಲಿ ಹೂಜಿ ಸೋಲುವುದು ಇದರಿಂದಲೇ. ಎರಡನೆಯದಾಗಿ, ಸುತ್ತಣ ಕೋಣೆಯ ಉಷ್ಣವು ಗೋಡೆಯ ಮೂಲಕ ಸದಾ ಒಳಗೆ ಸೇರುತ್ತಿರುತ್ತದೆ. ಮೊದಲನೆಯ ಅಡ್ಡಿಯನ್ನು ನಿರ್ವಾತ ಪಂಪು ನಿವಾರಿಸುತ್ತದೆ: ಹೊರಟ ಅಣು ಹಿಂದಿರುಗುವ ಮೊದಲೇ ಅದನ್ನು ಸೆಳೆದು ಹೊರಗೆ ಹಾಕುತ್ತದೆ. ಎರಡನೆಯದನ್ನು ನಿವಾರಿಸುವುದು, ಎರಡು ಗೋಡೆಗಳ ನಡುವೆ ಗಾಳಿಯಿಲ್ಲದ ಪಾತ್ರೆ. ಕಾಫಿಯನ್ನು ಬಿಸಿಯಾಗಿಡಲು ನಾವು ಬಳಸುವ ಥರ್ಮಾಸ್ ಫ್ಲಾಸ್ಕು ಅದೇ. ಅದನ್ನು ಲಂಡನ್ನಿನಲ್ಲಿ ಜೇಮ್ಸ್ ಡಿವಾರ್ ೧೮೯೨ರಲ್ಲಿ ನಿರ್ಮಿಸಿದ್ದು ಕಾಫಿಗಾಗಿಯಲ್ಲ, ದ್ರವೀಕರಿಸಿದ ಅನಿಲಗಳನ್ನು ಕಾಯುವುದಕ್ಕಾಗಿ.

ಲೆಕ್ಕವನ್ನು ಸ್ವಲ್ಪ ನೋಡೋಣ. ಸೊನ್ನೆ ಡಿಗ್ರಿಯಲ್ಲಿರುವ ನೀರಿನಲ್ಲಿ ಒಂದು ಗ್ರಾಂ ಆವಿಯಾದರೆ ಅದು ಕೊಂಡೊಯ್ಯುವ ಉಷ್ಣವು ಸುಮಾರು ಏಳು ಗ್ರಾಂ ನೀರನ್ನು ಹೆಪ್ಪುಗಟ್ಟಿಸಲು ಸಾಕು. ಸಾರಜನಕವು ಸಾಮಾನ್ಯ ಒತ್ತಡದಲ್ಲಿ ಸೊನ್ನೆಯ ಕೆಳಗೆ ೧೯೬ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಹೆಪ್ಪುಗಟ್ಟುವುದು ೨೧೦ ಡಿಗ್ರಿಯಷ್ಟು ಕೆಳಗೆ. ಈ ಹದಿನಾಲ್ಕು ಡಿಗ್ರಿಯ ಮೆಟ್ಟಿಲನ್ನು ಇಳಿದು ಪೂರ್ತಿ ಗಡ್ಡೆಯಾಗಬೇಕಾದರೆ, ಹೊರಗಿನ ಉಷ್ಣ ಒಂದಿಷ್ಟೂ ಒಳಸೇರದಿದ್ದರೂ, ದ್ರವದ ಸುಮಾರು ಕಾಲುಭಾಗ ಆವಿಯಾಗಿ ಹೋಗಬೇಕಾಗುತ್ತದೆ. ಮುಕ್ಕಾಲನ್ನು ಉಳಿಸಿಕೊಳ್ಳಲು ಕಾಲನ್ನು ತೆತ್ತಂತೆ.

ಪಂಪು ಎಷ್ಟು ಎಳೆಯಬೇಕೆಂಬುದು ಒಂದೊಂದು ವಸ್ತುವಿಗೆ ಒಂದೊಂದು ಬಗೆ. ಒತ್ತಡ ಇಳಿದಂತೆ ಕುದಿಯುವ ಬಿಂದುವೂ ಇಳಿಯುತ್ತ ಬಂದು, ಒಂದು ಕಡೆಯಲ್ಲಿ ಹೆಪ್ಪುಗಟ್ಟುವ ಬಿಂದುವನ್ನು ಸಂಧಿಸುತ್ತದೆ. ಅಲ್ಲಿ ಘನ, ದ್ರವ, ಆವಿ ಮೂರೂ ಒಟ್ಟಿಗೆ ಇರಬಲ್ಲವು. ಶಾಸ್ತ್ರಜ್ಞರು ಅದನ್ನು ತ್ರಿಕ ಬಿಂದು ಎನ್ನುತ್ತಾರೆ. ನನ್ನಂಥ ಕನ್ನಡದ ಮೇಷ್ಟರು ತ್ರಿವೇಣಿಯೆಂದು ಕರೆದರೆ ಅವರು ಕ್ಷಮಿಸಿಯಾರು. ನಮ್ಮ ವಾಯುಮಂಡಲದ ಒತ್ತಡವು ಪಾದರಸದ ೭೬೦ ಮಿಲಿಮೀಟರು. ಸಾರಜನಕದ ತ್ರಿಕ ಬಿಂದು ಇರುವುದು ೯೪ ಮಿಲಿಮೀಟರಿನಲ್ಲಿ. ಸಾಧಾರಣವಾದ ಪಂಪು ಅಲ್ಲಿಗೆ ಸುಲಭವಾಗಿ ತಲುಪುತ್ತದೆ. ಆಮ್ಲಜನಕ ಮಹಾ ಹಟಮಾರಿ. ಅದರ ಒತ್ತಡವನ್ನು ಒಂದು ಮಿಲಿಮೀಟರಿನ ಸಮೀಪಕ್ಕೆ ಇಳಿಸಿದ ಹೊರತು ಅದು ಗಡ್ಡೆಯಾಗದು. ಇವೆರಡೂ ಒಂದೇ ಗಾಳಿಯಲ್ಲಿ ಕೂಡಿ ಬಾಳುವ ಅನಿಲಗಳೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಇಂಗಾಲಾಮ್ಲ ಅನಿಲದ ಸಂಗತಿಯಂತೂ ಇನ್ನೂ ವಿನೋದವಾದುದು. ಅದರ ತ್ರಿಕ ಬಿಂದು ನಮ್ಮ ವಾಯುಮಂಡಲದ ಒತ್ತಡಕ್ಕಿಂತ ಐದು ಪಟ್ಟು ಮೇಲಿದೆ. ಎಂದರೆ ಅದರ ಪಾಲಿಗೆ ನಾವು ಉಸಿರಾಡುವ ಈ ಗಾಳಿಯೇ ಒಂದು ನಿರ್ವಾತ! ಪಂಪಿನ ಅಗತ್ಯವೇ ಇಲ್ಲ. ಉಕ್ಕಿನ ಸೀಸೆಯಲ್ಲಿ ಒತ್ತಿಟ್ಟ ದ್ರವ ಇಂಗಾಲಾಮ್ಲವನ್ನು ಹೊರಬಿಟ್ಟೊಡನೆ ಒಂದಂಶ ಆವಿಯಾಗಿ, ಉಳಿದದ್ದು ಹಿಮದ ಪುಡಿಯಾಗಿ ಉದುರುತ್ತದೆ. ಬೆಂಕಿಯಾರಿಸುವ ಇಂಗಾಲಾಮ್ಲದ ಸಿಲಿಂಡರಿನ ಬಾಯಲ್ಲಿ ಬೆಳ್ಳನೆಯ ಮಂಜನ್ನು ಕಂಡವರು ಇದನ್ನು ಕಂಡಂತೆಯೇ. ಪ್ಯಾರಿಸಿನಲ್ಲಿ ತಿಲೊರಿಯೇ ಎಂಬಾತ ೧೮೩೫ರಲ್ಲಿ ಇದನ್ನು ಪ್ರಕಟಪಡಿಸಿದ.

ಆದರೆ ಪಂಪಿನ ನಿಜವಾದ ಮಹಿಮೆ ಬೆಳಗಿದ್ದು ಪೋಲೆಂಡಿನ ಕ್ರಾಕೋ ನಗರದಲ್ಲಿ. ಆಮ್ಲಜನಕವನ್ನು ಸೊನ್ನೆಯ ಕೆಳಗೆ ೧೧೮ ಡಿಗ್ರಿಗಿಂತ ತಣ್ಣಗೆ ಮಾಡದ ಹೊರತು ಎಷ್ಟು ಒತ್ತಿದರೂ ಅದು ದ್ರವವಾಗದು. ಹಣ್ಣನ್ನು ಮಾಗಿಸುವ ಎಥಿಲೀನ್ ಎಂಬ ಅನಿಲವನ್ನು ದ್ರವವಾಗಿಸಿದರೆ ಅದು ಕುದಿಯುವುದು ೧೦೪ ಡಿಗ್ರಿ ಕೆಳಗೆ. ಬೇಕಾದ ತಂಪಿಗೆ ಇನ್ನೂ ಹದಿನೈದು ಡಿಗ್ರಿ ಸಾಲದು. ವ್ರುಬ್ಲೆವ್‌ಸ್ಕಿ ಮತ್ತು ಓಲ್‌ಷೆವ್‌ಸ್ಕಿ ಎಂಬಿಬ್ಬರು ಆ ಎಥಿಲೀನಿಗೆ ಪಂಪನ್ನು ಹಚ್ಚಿ ಅದನ್ನು ನಿರ್ವಾತದಲ್ಲಿ ಕುದಿಸಿದರು. ಉಷ್ಣತೆ ೧೩೦ ಡಿಗ್ರಿಯನ್ನೂ ದಾಟಿ ಕೆಳಗಿಳಿಯಿತು. ೧೮೮೩ರ ಏಪ್ರಿಲ್ ತಿಂಗಳಲ್ಲಿ ಗಾಜಿನ ಕೊಳವೆಯ ತಳದಲ್ಲಿ ಆಮ್ಲಜನಕವು ಕಣ್ಣಿಗೆ ಕಾಣುವಂತೆ ದ್ರವವಾಗಿ ನಿಂತಿತು. ಕೆಲವೇ ದಿನಗಳಲ್ಲಿ ಸಾರಜನಕವೂ. ವ್ರುಬ್ಲೆವ್‌ಸ್ಕಿಯ ಕಥೆ ಮುಂದೆ ದುಃಖಕರ. ೧೮೮೮ರಲ್ಲಿ ಒಂದು ರಾತ್ರಿ ಕೆಲಸದಲ್ಲಿ ಮುಳುಗಿದ್ದಾಗ ಸೀಮೆಎಣ್ಣೆಯ ದೀಪ ಉರುಳಿ, ಸುಟ್ಟ ಗಾಯಗಳಿಂದ ಆತ ತೀರಿಕೊಂಡ. ಜೀವಮಾನವನ್ನೆಲ್ಲ ಶೈತ್ಯಕ್ಕೆ ಮುಡಿಪಿಟ್ಟವನಿಗೆ ಬೆಂಕಿಯಿಂದ ಮರಣ!

ಅಲ್ಲಿಂದ ಮುಂದೆ ಒಂದೊಂದೇ ಅನಿಲ ಶರಣಾಯಿತು. ಡಿವಾರ್ ೧೮೯೮ರ ಮೇ ತಿಂಗಳಲ್ಲಿ ಜಲಜನಕವನ್ನು ದ್ರವವಾಗಿಸಿದ. ಮರುವರ್ಷ ಅದಕ್ಕೂ ಪಂಪು ಹಚ್ಚಿ, ಸೊನ್ನೆಯ ಕೆಳಗೆ ೨೫೯ ಡಿಗ್ರಿಯಲ್ಲಿ ಅದನ್ನು ಗಡ್ಡೆಯಾಗಿಸಿದ. ಜಲಜನಕ ಘನವಾದರೆ ಲೋಹದಂತೆ ಥಳಥಳಿಸುವುದೆಂದು ಹಲವು ರಸಾಯನಜ್ಞರು ನಂಬಿದ್ದರು. ಕಂಡದ್ದು ಮಾತ್ರ ತಿಳಿಯಾದ ಗಾಜಿನಂಥ ಮಂಜು, ಮೇಲೆ ಒಂದಿಷ್ಟು ನೊರೆ.

ಇನ್ನು ಉಳಿದದ್ದು ಹೀಲಿಯಂ ಒಂದೇ. ಇದರ ಮೊದಲ ಸುಳಿವಿಗೂ ನಮ್ಮ ನೆಲಕ್ಕೂ ನಂಟುಂಟು. ೧೮೬೮ರ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಇಂಗ್ಲೆಂಡಿನ ಲೆಫ್ಟಿನೆಂಟ್ ಜಾನ್ ಹರ್ಷೆಲ್ ವರ್ಣದರ್ಶಕದಿಂದ ನೋಡಿದರು. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕಿತ್ತಳೆ ಬಣ್ಣದ ಗೆರೆಯೊಂದು ಹರ್ಷೆಲ್ಲನಿಗೆ ಕಂಡಿತು. ಅದು ಸೋಡಿಯಂ ಗೆರೆಯ ಜಾಗದಲ್ಲಿಯೇ ಇರುವಂತೆ ತೋರಿತು. ಆ ಗೆರೆ ಸೋಡಿಯಮ್ಮಿನದಲ್ಲ, ಹೊಸದೊಂದು ಮೂಲವಸ್ತುವಿನದು ಎಂಬುದು ಅನಂತರ ತಿಳಿಯಿತು. ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ನಾಮಕರಣವಾಯಿತು. ಭೂಮಿಯ ಮೇಲೆ ಅದು ರ‍್ಯಾಮ್ಸೆಗೆ ದೊರೆತದ್ದು ೧೮೯೫ರಲ್ಲಿ.

ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಎಂಬ ಪ್ರಾಧ್ಯಾಪಕ ಈ ಕಡೆಯ ಅನಿಲಕ್ಕಾಗಿ ವರ್ಷಗಟ್ಟಲೆ ಸಿದ್ಧತೆ ನಡೆಸಿದ. ಮೊನಜೈಟ್ ಮರಳನ್ನು ಕಾಯಿಸಿ ಹೀಲಿಯಮ್ಮನ್ನು ಸಂಗ್ರಹಿಸಿದ. ೧೯೦೮ರ ಜುಲೈ ೧೦ರಂದು ಮುಂಜಾನೆಯೇ ಪ್ರಯೋಗ ಪ್ರಾರಂಭವಾಯಿತು. ದ್ರವವಾಯುವಿನಿಂದ ಜಲಜನಕವನ್ನು ತಣಿಸಿ, ದ್ರವ ಜಲಜನಕದಿಂದ ಹೀಲಿಯಮ್ಮನ್ನು ತಣಿಸಬೇಕು. ಅಂದಿನ ಮಟ್ಟಿಗೆ ಇಪ್ಪತ್ತು ಲೀಟರು ದ್ರವ ಜಲಜನಕವೇ ಬೇಕಾಯಿತು. ಸಂಜೆಯಾದರೂ ಪಾತ್ರೆಯಲ್ಲಿ ಏನೂ ಕಾಣಿಸಲಿಲ್ಲ. ರಸಾಯನಶಾಸ್ತ್ರದ ಪ್ರಾಧ್ಯಾಪಕನೊಬ್ಬ ಸುದ್ದಿ ವಿಚಾರಿಸಲು ಬಂದವನು, ದೀಪವನ್ನು ಕೆಳಗಿನಿಂದ ಹಿಡಿದು ನೋಡಿರೆಂದು ಸೂಚಿಸಿದ. ಹಾಗೆ ಹಿಡಿದಾಗ ದ್ರವದ ಮಟ್ಟವು ಚೂರಿಯ ಅಲಗಿನಂತೆ ಸ್ಪಷ್ಟವಾಗಿ ಕಂಡಿತು. ಪಾತ್ರೆ ಆಗಲೇ ಬಹುಮಟ್ಟಿಗೆ ತುಂಬಿತ್ತು. ಅದರ ಬಣ್ಣವಿಲ್ಲದ ತಿಳಿಮೈ ಮಾತ್ರ ಕಣ್ಣಿಗೆ ಮರೆಯಾಗಿತ್ತು. ದೊರೆತದ್ದು ಅರವತ್ತು ಘನ ಸೆಂಟಿಮೀಟರು, ಪರಮಶೂನ್ಯಕ್ಕೆ ನಾಲ್ಕು ಡಿಗ್ರಿ ಮೇಲೆ.

ಹದಿನಾರು ಗಂಟೆಗಳ ದುಡಿಮೆಯ ಬಳಿಕ ಬೇರೆ ಯಾರೇ ಆಗಿದ್ದರೂ ಕೈಕಾಲು ಚಾಚಿ ಮಲಗುತ್ತಿದ್ದರು. ಓನ್ನೆಸ್ ಅದೇ ರಾತ್ರಿ ಉಳಿದ ದ್ರವಕ್ಕೆ ಪಂಪನ್ನು ಹಚ್ಚಿದ. ಜಲಜನಕ ಗಡ್ಡೆಯಾಯಿತು, ಸಾರಜನಕ ಗಡ್ಡೆಯಾಯಿತು, ಹೀಲಿಯಂ ಆಗದೇಕೆ? ಉಷ್ಣತೆ ಎರಡು ಡಿಗ್ರಿಯ ಸಮೀಪಕ್ಕೆ ಇಳಿಯಿತು. ದ್ರವ ದ್ರವವಾಗಿಯೇ ಉಳಿಯಿತು. ಆತ ಬಿಡಲಿಲ್ಲ. ಇನ್ನೂ ದೊಡ್ಡ ಪಂಪು, ಅದಕ್ಕಿಂತ ಬಲವಾದ ಪಂಪು. ೧೯೨೨ರಲ್ಲಿ ಹಲವು ಪಂಪುಗಳನ್ನು ಒಟ್ಟುಗೂಡಿಸಿ ಎಳೆದಾಗ ಉಷ್ಣತೆ ಪರಮಶೂನ್ಯದಿಂದ ಒಂದು ಡಿಗ್ರಿಗೂ ಕಡಿಮೆಯಷ್ಟೇ ದೂರ, ೦.೮೩ ಡಿಗ್ರಿಗೆ, ಬಂದಿತು. ಆಗಲೂ ಹೀಲಿಯಂ ಹೆಪ್ಪುಗಟ್ಟಲಿಲ್ಲ. ಹದಿನಾಲ್ಕು ವರ್ಷಗಳ ಈ ಬೆನ್ನಟ್ಟುವಿಕೆ ವ್ಯರ್ಥವಾಯಿತೆನ್ನಲಾಗದು. ಪಾದರಸವು ಆ ತಣ್ಪಿನಲ್ಲಿ ವಿದ್ಯುತ್ತಿಗೆ ಯಾವ ಅಡ್ಡಿಯನ್ನೂ ಒಡ್ಡುವುದಿಲ್ಲವೆಂಬುದು ಅದೇ ಪ್ರಯೋಗಶಾಲೆಯಲ್ಲಿ ೧೯೧೧ರಲ್ಲಿ ತಿಳಿದುಬಂತು. ಇಂದು ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳು ಕೆಲಸ ಮಾಡುವುದು ಆ ಗುಣದ ಆಧಾರದ ಮೇಲೆಯೇ. ೧೯೧೩ರಲ್ಲಿ ಓನ್ನೆಸ್ಸನಿಗೆ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ಆತ ಕಾಣಬಯಸಿದ ಗಡ್ಡೆ ಮಾತ್ರ ಕಾಣಲಿಲ್ಲ. ೧೯೨೬ರ ಫೆಬ್ರವರಿಯಲ್ಲಿ ತೀರಿಕೊಂಡ.

ಆತನ ತಪ್ಪೇನೂ ಇರಲಿಲ್ಲ. ಉಳಿದ ಅನಿಲಗಳು ಕಲಿಸಿದ ಪಾಠವನ್ನೇ ಆತ ಒಪ್ಪಿಸಿದ್ದ. ಎಲ್ಲ ವಸ್ತುಗಳಲ್ಲಿಯೂ ತಣ್ಪು ಹೆಚ್ಚಿದಂತೆ ಅಣುಗಳ ಓಡಾಟ ಅಡಗಿ, ಪರಸ್ಪರ ಸೆಳೆತವು ಅವುಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಹೀಲಿಯಮ್ಮಿನಲ್ಲಿ ಸೆಳೆತ ಅತಿ ಕ್ಷೀಣ, ಪರಮಾಣುವೋ ಬಹು ಹಗುರ. ಇಂಥ ಹಗುರವಾದ ಕಣವನ್ನು ಒಂದೆಡೆ ಕಟ್ಟಿಹಾಕಹೊರಟರೆ ಅದು ಪರಮಶೂನ್ಯದಲ್ಲಿಯೂ ಮಿಡುಕಾಡುತ್ತಲೇ ಇರುತ್ತದೆ. ಉಷ್ಣವನ್ನೆಲ್ಲ ಕಸಿದುಕೊಂಡರೂ ಈ ಮಿಡುಕನ್ನು ಕಸಿಯಲಾಗುವುದಿಲ್ಲ. ಇದನ್ನು ವಿವರಿಸುವ ಕ್ವಾಂಟಮ್ ಗಣಿತವು ರೂಪುಗೊಳ್ಳುತ್ತಿದ್ದುದೇ ೧೯೨೫-೨೬ರಲ್ಲಿ. ಪಂಪು ಉಷ್ಣವನ್ನು ಸೆಳೆಯಬಲ್ಲುದೇ ಹೊರತು ಅದರಾಚೆಗಿನ ಈ ಚಾಂಚಲ್ಯವನ್ನು ಸೆಳೆಯಲಾರದು.

ಓನ್ನೆಸ್ ಗತಿಸಿದ ಕೆಲವೇ ತಿಂಗಳುಗಳಲ್ಲಿ, ಅದೇ ವರ್ಷದ ಬೇಸಗೆಯಲ್ಲಿ, ಲೈಡನ್ನಿನ ಅದೇ ಪ್ರಯೋಗಶಾಲೆಯಲ್ಲಿ ಆತನ ಉತ್ತರಾಧಿಕಾರಿಗಳಲ್ಲೊಬ್ಬನಾದ ವಿಲೆಮ್ ಕೇಸೊಮ್ ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಹಿಡಿದ. ಪಂಪಿನ ತಣ್ಪನ್ನು ಸುತ್ತಲೂ ಇರಿಸಿಕೊಂಡು, ಕೊಳವೆಯೊಳಗಿನ ಹೀಲಿಯಮ್ಮನ್ನು ಎಳೆಯುವ ಬದಲು ಒತ್ತಿದ. ವಾಯುಮಂಡಲದ ಒತ್ತಡದ ಇಪ್ಪತ್ತೈದು ಪಟ್ಟಿಗೂ ಮೇಲೆ ಒತ್ತಿದಾಗ ಅದು ಮಣಿಯಿತು. ಮಣಿದದ್ದು ಗೊತ್ತಾದ ಬಗೆಯನ್ನೂ ಹೇಳಬೇಕು. ಘನ ಹೀಲಿಯಂ ದ್ರವದಷ್ಟೇ ತಿಳಿಯಾಗಿದ್ದುದರಿಂದ ಎಲ್ಲಿ ದ್ರವ ಮುಗಿಯಿತು, ಎಲ್ಲಿ ಗಡ್ಡೆ ಮೊದಲಾಯಿತು ಎಂಬ ಗೆರೆಯೇ ಕಾಣುವಂತಿರಲಿಲ್ಲ. ಕೇಸೊಮ್ ಗಾಜಿನ ಕೊಳವೆಯೊಳಗೆ ಪುಟ್ಟದೊಂದು ಕಡೆಗೋಲನ್ನಿಟ್ಟು ಹೊರಗಿನಿಂದ ಅಯಸ್ಕಾಂತದಿಂದ ಅದನ್ನು ಮೇಲೆ ಕೆಳಗೆ ಆಡಿಸುತ್ತಿದ್ದ. ಒತ್ತಡ ಏರಿತು, ಆಡುತ್ತಿದ್ದ ಕಡೆಗೋಲು ಅಲ್ಲಾಡದೆ ನಿಂತುಬಿಟ್ಟಿತು. ನೋಡುವುದಕ್ಕೆ ಕೊಳವೆ ಮೊದಲಿನಂತೆಯೇ ಬರಿದಾಗಿ ತೋರುತ್ತಿತ್ತು.