ಸರ್ವರ್ ಬೈಯೋದು ಬಿಡಿ, ಹೊಣೆ ಯಾರದು ಕೇಳಿ

ಪೋಡಿ ಆಗದ ಸರ್ವೆ ನಂಬರಿನಲ್ಲಿ ಅರ್ಧ ಎಕರೆ ಮಾರಬೇಕು ಅಂದ್ಕೊಳ್ಳಿ. 11ಇ ನಕ್ಷೆಗೆ ಸರ್ವೆ ಇಲಾಖೆಯ ಮೋಜಿಣಿ. ಕ್ರಯಪತ್ರಕ್ಕೆ ನೋಂದಣಿ ಇಲಾಖೆಯ ಕಾವೇರಿ. ಖಾತೆ, ಪಹಣಿಗೆ ಕಂದಾಯ ಇಲಾಖೆಯ ಭೂಮಿ. ಕೊಂಡವರು ಬೆಂಬಲ ಬೆಲೆಗೆ ರಾಗಿ ಬಿಡಬೇಕಂದ್ರೆ ಫ್ರೂಟ್ಸ್ ಐಡಿ. ಜಮೀನು ಒಂದೇ, ಸಾಫ್ಟ್‌ವೇರ್ ನಾಲ್ಕು.

ಇದು ಕಂಪ್ಯೂಟರ್ ತಪ್ಪಲ್ಲ. ಅಮೆರಿಕದ ಮೆಲ್ವಿನ್ ಕಾನ್ವೇ ಅನ್ನೋರು 1968ರಲ್ಲೇ ಬರೆದರು: ಒಂದು ಸಂಸ್ಥೆಯೊಳಗೆ ಯಾರು ಯಾರ ಜೊತೆ ಮಾತಾಡ್ತಾರೋ, ಅದು ಕಟ್ಟೋ ವ್ಯವಸ್ಥೆಗೂ ಅದೇ ಆಕಾರ ಬರುತ್ತೆ ಅಂತ. ಇಲಾಖೆಗಳ ನಡುವಿನ ಗೋಡೆನೇ ಕಂಪ್ಯೂಟರ್ ಒಳಗೂ ಎದ್ದಿದೆ. ಈಗ ಒಂದರಿಂದ ಇನ್ನೊಂದಕ್ಕೆ ಮಾಹಿತಿ ಹೋಗುತ್ತೆ, ನಿಜ. ಆದ್ರೆ ನಡುವೆ ಸಿಕ್ಕಿಕೊಂಡ್ರೆ ಇಡೀ ಫೈಲಿಗೆ ಹೊಣೆ ಯಾರು? ಫೈಲು ತಂತಿಯಲ್ಲಿ ಓಡಿದ್ರೂ ಚಪ್ಪಲಿ ಸವೆಯೋದು ನಮ್ಮದೇ.

ಸಾಫ್ಟ್‌ವೇರ್ ಕಚೇರಿಯನ್ನೂ ಬದಲಿಸುತ್ತೆ. 2000ದ ಆಸುಪಾಸಿನಲ್ಲಿ ಭೂಮಿ ಬಂದಾಗ ಗ್ರಾಮ ಲೆಕ್ಕಿಗರ ಕೈಬರಹದ ಪಹಣಿ ನಿಂತಿತು. ತಾಲ್ಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿಗೆ ಸಿಕ್ಕಿತು. ಖಾತೆ ಬದಲಾವಣೆಗೆ ಮೊದಲು ಕೊಟ್ಟ ಅರ್ಜಿ ಮೊದಲು ಅನ್ನೋ ಸಾಲು ಬಂತು. ಕಿಟಕಿಗೆ ಪಹಣಿ ಬಿಡಿಸಿಕೊಡಬೇಕು ಅಂತ ಮೇಲಿನವರು ಗಟ್ಟಿ ಮನಸ್ಸು ಮಾಡಿದ್ದಕ್ಕೇ ಅದು ಆಗಿದ್ದು.

ಅದಕ್ಕೇ ಹೇಳ್ತೀನಿ, ಹೊಸ ಆಪ್ ಅಂದ ತಕ್ಷಣ ಚಪ್ಪಾಳೆ ತಟ್ಟಬೇಡಿ. ಗೋಡೆ ಹಂಗೇ ಇದ್ರೆ ಐದನೇ ಆಪ್ ಐದನೇ ಬಾಗಿಲು ಅಷ್ಟೇ. ಅಂಬಾಜಿದುರ್ಗ ಹೋಬಳಿಯವರೆಲ್ಲ ಚಿಂತಾಮಣಿಯಲ್ಲಿ ಒಂದೇ ಕೇಳೋಣ: ನಕ್ಷೆಗೆ ಅರ್ಜಿ ಕೊಟ್ಟ ದಿನದಿಂದ ಪಹಣಿಯಲ್ಲಿ ಹೆಸರು ಬರೋವರೆಗೂ ಒಬ್ಬರೇ ಅಧಿಕಾರಿ ಹೊಣೆ ಹೊರಲಿ. ಹೊಣೆ ಒಂದಾದ್ರೆ ಸಾಫ್ಟ್‌ವೇರ್ ಒಂದಾಗೋಕೆ ದಾರಿ ಆಗುತ್ತೆ.