ಅಕ್ಕನ ಲೆಕ್ಕದಲ್ಲಿ ನಮ್ಮೂರು

ನಲವತ್ತು ದಾಟಿದ ನಾಲ್ಕು ಮಂದಿ ಒಂದೆಡೆ ಕುಳಿತರೆ ಸಾಕು, ಮಾತು ಸುತ್ತಿ ಬಳಸಿ ಬಾಲ್ಯಕ್ಕೆ ಬಂದು ನಿಲ್ಲುತ್ತದೆ. ಮದುವೆ ಮನೆಯಾಗಲಿ, ಮರಣದ ಮನೆಯಾಗಲಿ, ಮಸೀದಿಯ ಅಂಗಳವಾಗಲಿ, ಕೊನೆಗೆ ಯಾರಾದರೊಬ್ಬರು "ಆ ಕಾಲವೇ ಕಾಲ" ಎಂದು ನಿಟ್ಟುಸಿರು ಬಿಡುತ್ತಾರೆ. ಈಗಂತೂ ಲಾಟೀನು, ಸ್ಲೇಟು, ಬಾಡಿಗೆ ಸೈಕಲ್ಲುಗಳ ಚಿತ್ರಗಳು ಬೆಳಗಾಗುವಷ್ಟರಲ್ಲಿ ಹತ್ತು ಕಡೆಯಿಂದ ಮೊಬೈಲಿಗೆ ಬಂದು ಬೀಳುತ್ತವೆ. ಹಳೆಯದನ್ನು ನೆನೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಕಾಲ ಯಾರಿಗೆ ಚೆನ್ನಾಗಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಇಟ್ಟುಕೊಂಡು ನನ್ನ ಊರಿನ ಕೆಲವು ನೆನಪುಗಳನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇನೆ.

ನನ್ನ ಊರು ಉಳ್ಳಾಲ. ಮಂಗಳೂರಿನಿಂದ ದಕ್ಷಿಣಕ್ಕೆ ನೇತ್ರಾವತಿಯ ಸೇತುವೆ ದಾಟಿದರೆ ತೊಕ್ಕೊಟ್ಟು. ಅಲ್ಲಿಂದ ಸಮುದ್ರದ ಕಡೆಗೆ ತಿರುಗಿದರೆ ನಮ್ಮೂರು. 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿ ನಿಂತ ರಾಣಿ ಅಬ್ಬಕ್ಕನ ಊರೆಂದು ಶಾಲೆಯ ಮಕ್ಕಳಿಗೆ ಅದು ಗೊತ್ತು. ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿಯವರ ದರ್ಗಾ ಮತ್ತು ಅಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಉರೂಸಿನಿಂದಾಗಿ ದೂರದ ಊರುಗಳ ಜನರಿಗೂ ಗೊತ್ತು. ನಾನು ಹೇಳ ಹೊರಟಿರುವುದು ಇತಿಹಾಸದ ಉಳ್ಳಾಲವನ್ನಲ್ಲ, 80ರ ದಶಕದಲ್ಲಿ ನಾವು ಬೆಳೆದ ಒಂದು ಓಣಿಯ ಕಥೆಯನ್ನು.

ಅದು ಪೂರ್ತಿ ಹಳ್ಳಿಯೂ ಅಲ್ಲ, ಪೇಟೆಯೂ ಅಲ್ಲ. ಕಾಲಿಟ್ಟರೆ ಹೂತುಹೋಗುವ ಮರಳು ದಾರಿ, ತೆಂಗಿನ ಮರಗಳು, ಅವುಗಳ ನಡುವೆ ಹಂಚಿನ ಮನೆಗಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ನದಿಯ ಆಚೆ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಕೆಂಪು ಹಂಚು ನಮ್ಮ ಕಡೆಯ ಗುರುತೇ ಆಗಿಬಿಟ್ಟಿತ್ತು. ಊರಲ್ಲಿ ಬದುಕು, ಪೇಟೆಯಲ್ಲಿ ದುಡಿಮೆ. ಬೆಳಗಾಗುತ್ತಲೇ ಗಂಡಸರು 44 ನಂಬರಿನ ಸಿಟಿ ಬಸ್ಸು ಹತ್ತಿ ಸ್ಟೇಟ್ ಬ್ಯಾಂಕಿನಲ್ಲಿ ಇಳಿದು ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಬಾಪ ಬಂದರಿನ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವರು. ರಾತ್ರಿ ಅವರು ಅಂಗಳಕ್ಕೆ ಬರುವ ಮೊದಲೇ ಬಂಗುಡೆಯ ವಾಸನೆ ಮನೆಯೊಳಗೆ ಬಂದಿರುತ್ತಿತ್ತು.

ಮಕ್ಕಳಾದ ನಮ್ಮ ದಿನ ಮದ್ರಸದಿಂದ ಆರಂಭವಾಗುತ್ತಿತ್ತು. ಇಂದು ಯೋಚಿಸಿದರೆ ಸೋಜಿಗವಾಗುತ್ತದೆ. ಮನೆಯಲ್ಲಿ ಉಮ್ಮನ ಜೊತೆ ಆಡುತ್ತಿದ್ದುದು ಬ್ಯಾರಿ ಭಾಷೆ. ಮದ್ರಸದಲ್ಲಿ ಅರಬಿ ಲಿಪಿಯಲ್ಲಿ ಬರೆದ ಮಲಯಾಳದ ಪಾಠ ಪುಸ್ತಕ. ಅಲ್ಲಿಂದ ಓಡೋಡಿ ಬಂದು ಚೀಲ ಬದಲಿಸಿ ಹೋದರೆ ಸರಕಾರಿ ಶಾಲೆಯಲ್ಲಿ ಕನ್ನಡ. ಸಂಜೆ ಮರಳಿನಲ್ಲಿ ಆಡುವಾಗ, ಅಂಗಡಿಗೆ ಹೋಗುವಾಗ ತುಳು. ಎದುರು ಮನೆಯ ಬಾಯಿ ತಮ್ಮ ಮಕ್ಕಳನ್ನು ಕೊಂಕಣಿಯಲ್ಲಿ ಗದರಿಸುವಾಗ ಅದೂ ನಮಗೆ ಅರ್ಥವಾಗುತ್ತಿತ್ತು. ಕ್ರೈಸ್ತ ಹೆಂಗಸರನ್ನು ನಾವು ಬಾಯಿ ಎಂದೇ ಕರೆಯುತ್ತಿದ್ದುದು. ಇಷ್ಟೊಂದು ಭಾಷೆಗಳನ್ನು ಯಾರೂ ಕೂಡಿಸಿ ಕಲಿಸಿರಲಿಲ್ಲ. ಇಂದು ನನ್ನ ತರಗತಿಯಲ್ಲಿ ಎರಡು ಭಾಷೆಗೆ ಒದ್ದಾಡುವ ಮಕ್ಕಳನ್ನು ನೋಡುವಾಗ ಆ ಓಣಿಯೇ ಒಂದು ಶಾಲೆಯಾಗಿತ್ತು ಅನ್ನಿಸುತ್ತದೆ. ಆಗ ನಮ್ಮ ಬ್ಯಾರಿಯನ್ನು ಭಾಷೆಯೆಂದು ಗಣಿಸುವವರೂ ಕಡಿಮೆ. 2007ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿದಾಗ ನಮ್ಮ ಉಮ್ಮ ಕೇಳಿದ್ದು ಒಂದೇ ಮಾತು: "ನಾವು ಮಾತಾಡುವುದಕ್ಕೂ ಆಫೀಸು ಬಂತೋ?"

ಆ ಶಾಲೆ ನಡೆಯುತ್ತಿದ್ದ ಜಾಗವೆಂದರೆ ನಮ್ಮ ಮನೆಯ ಜಗಲಿ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಓಣಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದರು. ಎಲ್ಲರ ಮಡಿಲಲ್ಲೂ ಒಂದೊಂದು ಗೆರಸೆ, ಅದರಲ್ಲಿ ಬೀಡಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ಬ್ಯಾರಿಗಳ ಮನೆಯವರು, ಮೊಗವೀರರ ಅಜ್ಜಿ, ಬಿಲ್ಲವರ ಮನೆಯ ಸೊಸೆ, ಎದುರು ಮನೆಯ ಬಾಯಿ, ಎಲ್ಲರೂ ಬೀಡಿ ಕಟ್ಟುವವರೇ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಊರಿನ ಸುದ್ದಿ ಹೇಳುತ್ತಿತ್ತು. ಯಾರ ಮನೆಗೆ ಗಲ್ಫಿನಿಂದ ಕಾಗದ ಬಂತು, ಯಾರ ಹೆರಿಗೆ ಹತ್ತಿರ ಬಂತು, ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಎಂಬುದೆಲ್ಲ ಅಲ್ಲಿ ತಿಳಿಯುತ್ತಿತ್ತು. ಒಲೆ ಉರಿಯದ ಮನೆಗೆ ಸಂಜೆಯೊಳಗೆ ಒಂದು ಸೇರು ಅಕ್ಕಿ ಹೋಗಿರುತ್ತಿತ್ತು. ಯಾರು ಕೊಟ್ಟರೆಂಬ ಮಾತು ಬರುತ್ತಿರಲಿಲ್ಲ.

ಬೀಡಿಯ ಕೆಲಸ ತಿಳಿಯದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಎಲೆ ಬರುವುದು ಮಧ್ಯಪ್ರದೇಶ, ಒಡಿಶಾದಂತಹ ಕಡೆಯ ಕಾಡುಗಳಿಂದ. ಹೊಗೆಸೊಪ್ಪು ಬರುವುದು ನಿಪ್ಪಾಣಿ ಮತ್ತು ಗುಜರಾತಿನಿಂದ. ಬ್ರಾಂಚಿನಿಂದ ತಂದ ಒಣ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ತಗಡಿನ ಅಚ್ಚು ಇಟ್ಟು ಕತ್ತರಿಯಿಂದ ಕತ್ತರಿಸಬೇಕು. ಅದರೊಳಗೆ ಹದವಾಗಿ ಪುಡಿ ಹಾಕಿ, ಸುರುಟಿ, ತುದಿ ಮಡಚಿ, ನೂಲು ಕಟ್ಟಬೇಕು. ಇಷ್ಟಾದರೆ ಒಂದು ಬೀಡಿ. ಮಜೂರಿ ಲೆಕ್ಕ ಹಾಕುವುದು ಸಾವಿರಕ್ಕೆ. ಬೆಳಗಿನಿಂದ ರಾತ್ರಿಯವರೆಗೆ ಮನೆಗೆಲಸದ ನಡುವೆ ಕೂತರೂ ಒಬ್ಬರಿಂದ ಸಾವಿರ ತಲುಪುವುದು ಕಷ್ಟ. ವಾರದಲ್ಲಿ ಕೆಲವು ದಿನ ಬ್ರಾಂಚಿಗೆ ಹೊತ್ತು ಹಾಕಬೇಕು. ಅಲ್ಲಿ ಒಬ್ಬಾತ ಕಟ್ಟುಗಳನ್ನು ಬೆರಳಲ್ಲಿ ಒತ್ತಿ ನೋಡಿ ಇದು ಸಡಿಲ, ಇದು ಗಿಡ್ಡ ಎಂದು ತೆಗೆದು ಪಕ್ಕಕ್ಕೆ ಎಸೆಯುತ್ತಿದ್ದ. ಎಸೆದುದಕ್ಕೆ ಮಜೂರಿ ಇಲ್ಲ, ಎಲೆಯ ಲೆಕ್ಕವೂ ನಮ್ಮ ತಲೆಗೇ ಬರುತ್ತಿತ್ತು.

ಮಳೆಗಾಲದಲ್ಲಿ ಈ ಬೀಡಿಯೇ ನಮ್ಮ ಅನ್ನ. ಜೂನ್ ಬಂತೆಂದರೆ ದೋಣಿಗಳು ದಡ ಸೇರುತ್ತವೆ. ಈಗ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆಗಲೂ ಮುಂಗಾರಿನ ಕಡಲಿಗೆ ಇಳಿಯುವಂತಿರಲಿಲ್ಲ. ಧಕ್ಕೆಯಲ್ಲಿ ಮೀನಿಲ್ಲದಿದ್ದರೆ ಬಾಪನಿಗೆ ಕೂಲಿ ಇಲ್ಲ. ಒಣಮೀನು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹುರುಳಿ ಚಟ್ನಿ ಮತ್ತು ಕುಚ್ಚಲಕ್ಕಿಯ ಗಂಜಿಯಲ್ಲಿ ದಿನ ಹೋಗುತ್ತಿತ್ತು. ಆ ಗಂಜಿಯ ಅಕ್ಕಿ ಉಮ್ಮನ ಬೀಡಿಯ ದುಡ್ಡಿನದು. ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕುವ ಕಡೆಗೆಲ್ಲ ಪಾತ್ರೆ ಇಟ್ಟು, ನಡುವಿನ ಒಣ ಜಾಗದಲ್ಲಿ ಮೊದಲು ಬೀಡಿ ಎಲೆ, ನಂತರ ಮಕ್ಕಳು. ಎಲೆ ಒದ್ದೆಯಾಗಿ ಬೂಸ್ಟು ಹಿಡಿದರೆ ಮರುದಿನದ ಊಟಕ್ಕೇ ಕುತ್ತು.

ಹೊರಗೆ ಕಡಲಿನ ಅಬ್ಬರ. ಮಳೆಗಾಲದಲ್ಲಿ ಸಮುದ್ರ ಮೇಲೇರಿ ಬಂದು ದಡದ ತೆಂಗಿನ ಮರಗಳನ್ನು ಬುಡಸಮೇತ ಕೆಡವುತ್ತಿತ್ತು. ಮೊಗವೀರಪಟ್ನ, ಕೋಟೆಪುರದ ಕಡೆ ಮನೆಗಳೂ ಹೋದವು. ನಾವು ಗೋಲಿ ಆಡಿದ ಮರಳ ದಿಬ್ಬಗಳಲ್ಲಿ ಕೆಲವು ಈಗ ಇಲ್ಲ. ಕಲ್ಲಿನ ತಡೆಗೋಡೆಗಳು ಬಂದಿವೆ, ಕೋಟಿಗಟ್ಟಲೆ ಖರ್ಚಿನ ಯೋಜನೆಗಳೂ ಬಂದಿವೆ. ಆದರೂ ಜೂನ್ ತಿಂಗಳು ಬಂದಾಗ ದಡದ ಮನೆಯವರ ಎದೆ ಢವಗುಟ್ಟುವುದು ತಪ್ಪಿಲ್ಲ.

ಇನ್ನು ಅಕ್ಕನ ವಿಷಯಕ್ಕೆ ಬರುತ್ತೇನೆ. ನನಗಿಂತ ಐದು ವರ್ಷ ದೊಡ್ಡವಳಾದ ನನ್ನ ಅಕ್ಕ ಗಣಿತದಲ್ಲಿ ಚುರುಕು. 1988ರಲ್ಲಿ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಪಾಸಾದಳು. ಹೈಸ್ಕೂಲಿಗೆ ಸೇರಿಸಿ ಎಂದು ಶಾಲೆಯ ಮೇಷ್ಟ್ರು ಮನೆಯವರೆಗೆ ಬಂದು ಹೇಳಿ ಹೋದರು. ಬಾಪ ತಲೆ ತಗ್ಗಿಸಿ ಕೇಳಿದರು. ಜೂನ್ ಬಂತು, ಧಕ್ಕೆ ನಿಂತಿತು. ಅಕ್ಕ ಗೆರಸೆ ಹಿಡಿದು ಜಗಲಿಯಲ್ಲಿ ಉಮ್ಮನ ಪಕ್ಕ ಕುಳಿತಳು, ಮತ್ತೆ ಏಳಲಿಲ್ಲ. ನಮ್ಮ ಓಣಿಯಲ್ಲಿ ಹೀಗೆ ಕುಳಿತ ಹುಡುಗಿಯರು ಎಷ್ಟೋ ಮಂದಿ. ತಮ್ಮಂದಿರು ಶಾಲೆಗೆ ಹೋಗುವುದನ್ನು ಅವರು ಎಲೆ ಕತ್ತರಿಸುತ್ತಾ ನೋಡುತ್ತಿದ್ದರು.

ಬೀಡಿ ಕಾರ್ಮಿಕರಿಗೆ ಕಾನೂನು ಇರಲಿಲ್ಲವೆಂದಲ್ಲ. ಅವರ ಕೆಲಸದ ಪರಿಸ್ಥಿತಿಯ ಬಗ್ಗೆ 1966ರಲ್ಲೇ ಕಾಯ್ದೆ ಬಂದಿತ್ತು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು, 1977ರಲ್ಲಿ ಭವಿಷ್ಯನಿಧಿಯ ಸೌಲಭ್ಯವೂ ಸಿಕ್ಕಿತು. ಆ ಕಲ್ಯಾಣ ನಿಧಿಯಿಂದ ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನದಲ್ಲಿ ನಾನೂ ಓದಿದವನು. ಉಮ್ಮನ ಗುರುತಿನ ಚೀಟಿ ತೋರಿಸಿ ಶಾಲೆಯಲ್ಲಿ ಅರ್ಜಿ ತುಂಬಿಸುತ್ತಿದ್ದೆವು. ಆದರೆ ಬ್ರಾಂಚಿನ ಪುಸ್ತಕದಲ್ಲಿ ಇದ್ದುದು ಉಮ್ಮನ ಹೆಸರು ಮಾತ್ರ. ಅಕ್ಕ ಕಟ್ಟಿದ ಬೀಡಿಯೂ ಉಮ್ಮನ ಲೆಕ್ಕಕ್ಕೇ ಸೇರಿತು. ಹದಿನೆಂಟು ತುಂಬಿ ಸ್ವಂತ ಕಾರ್ಡು ಆಗುವವರೆಗಿನ ಅವಳ ಐದಾರು ವರ್ಷದ ದುಡಿಮೆ ಯಾವ ದಾಖಲೆಯಲ್ಲೂ ಇಲ್ಲ. ನಾನು ಮದ್ರಸದ ಓದು ಮುಗಿಸಿದ್ದು, ಮುಂದೆ ಬಿ.ಎ. ಪದವಿ ಪಡೆದದ್ದು ಈ ಎರಡು ಗೆರಸೆಗಳ ದುಡ್ಡಿನಿಂದ.

ಕಳೆದ ಪೆರ್ನಾಲ್‌ಗೆ ನಾವೆಲ್ಲ ಮನೆಯಲ್ಲಿ ಸೇರಿದ್ದೆವು. ಗಲ್ಫಿನಿಂದ ರಜೆಯಲ್ಲಿ ಬಂದ ತಮ್ಮ ಹಳೆಯ ದಿನಗಳನ್ನು ಹೊಗಳಲು ಶುರು ಮಾಡಿದ. ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ, ಮಕ್ಕಳು ಯಾರ ಮನೆಯಲ್ಲಿ ಬೇಕಾದರೂ ಉಣ್ಣುತ್ತಿದ್ದರು, ಈಗ ಎಲ್ಲಿ ನೋಡಿದರೂ ಕಂಪೌಂಡು ಗೋಡೆ ಎಂದ. ನಾನೂ ದನಿಗೂಡಿಸಿದೆ. ಅಕ್ಕಿರೊಟ್ಟಿ ಬಡಿಸುತ್ತಿದ್ದ ಅಕ್ಕ ನಕ್ಕು ಹೇಳಿದಳು: "ಆ ಕಾಲ ನಿಮಗೆ ಚೆನ್ನಾಗಿತ್ತು. ನನಗೆ ದಿನಕ್ಕೆ ಎಂಟುನೂರು ಬೀಡಿ ಇತ್ತು."

ಅವಳ ಮಾತಿನಲ್ಲಿ ದೂರು ಇರಲಿಲ್ಲ, ಲೆಕ್ಕ ಇತ್ತು. ಹಾಗಾದರೆ ಆ ಕಾಲದ್ದು ಏನೂ ಬೇಡವೇ ಎಂದು ತಮ್ಮ ಕೇಳಿದ. ಅಕ್ಕ ಸ್ವಲ್ಪ ಯೋಚಿಸಿ, "ಬೀಡಿ ಬೇಡ. ಸೋರುವ ಮನೆ ಬೇಡ. ಜಗಲಿ ಬೇಕಿತ್ತು. ಈಗ ಸೊಂಟ ನೋವು ಬಂದರೆ ಹೇಳಿಕೊಳ್ಳಲಿಕ್ಕೆ ಹತ್ತು ಮಂದಿ ಒಟ್ಟಿಗೆ ಸಿಗುವುದಿಲ್ಲ" ಎಂದಳು.

ಪ್ರಿಯ ಓದುಗರೇ, ನಮ್ಮ ಹಳೆಯ ನೆನಪುಗಳನ್ನು ಹೀಗೆ ಬೇರ್ಪಡಿಸಿ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಊರು ಬದಲಾಗಿದೆ. ಉಳ್ಳಾಲ ಇಂದು ಒಂದು ತಾಲೂಕು. ಮರಳು ದಾರಿಗೆ ಕಾಂಕ್ರೀಟು ಬಿದ್ದಿದೆ, ಹಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆ, ಫ್ಲಾಟುಗಳು ಎದ್ದಿವೆ. ಬೀಡಿಗೆ ಬೇಡಿಕೆ ಇಳಿದು ಕೆಲಸದ ದಿನಗಳು ಕಡಿಮೆಯಾಗಿವೆ, ಹೊಸ ಹುಡುಗಿಯರು ಗೆರಸೆ ಮುಟ್ಟುವುದಿಲ್ಲ. ಅಕ್ಕನ ಮಗಳು ಬಿ.ಎಡ್. ಮುಗಿಸಿ ಗಣಿತ ಕಲಿಸುತ್ತಿದ್ದಾಳೆ. ಇದೆಲ್ಲ ಸಂತೋಷದ ಬದಲಾವಣೆ. ಹೊಗೆಸೊಪ್ಪಿನ ಧೂಳು ಕುಡಿದು ಕೆಮ್ಮುವ ಉಮ್ಮಂದಿರ ಕಾಲ ಮರಳಿ ಬರಲಿ ಎಂದು ಯಾರೂ ಬಯಸಬಾರದು. ಕಳೆದುಹೋದದ್ದು ಜಗಲಿ. ಅದನ್ನು ಮತ್ತೆ ಕಟ್ಟಿಕೊಳ್ಳಲು ಬಡತನ ಬೇಕಾಗಿಲ್ಲ. ವಾರಕ್ಕೊಮ್ಮೆ ಪಕ್ಕದ ಮನೆಯ ಗೇಟು ತಟ್ಟುವ ಮನಸ್ಸಿದ್ದರೆ ಸಾಕು.

ಇನ್ನೊಂದು ಕೆಲಸವೂ ಉಳಿದಿದೆ. ನಮ್ಮ ಮನೆಗಳಲ್ಲಿ ಬೀಡಿ ಕಟ್ಟಿ ಮುದುಕಿಯರಾದ ಉಮ್ಮಂದಿರು, ಅಜ್ಜಿಯರು, ಅಕ್ಕಂದಿರು ಇದ್ದಾರೆ. 1995ರ ಪಿಂಚಣಿ ಯೋಜನೆಯ ಪ್ರಕಾರ ಹತ್ತು ವರ್ಷದ ಸೇವೆ ಲೆಕ್ಕಕ್ಕಿದ್ದರೆ 58ನೆಯ ವಯಸ್ಸಿನಿಂದ ಅವರಿಗೆ ಪಿಂಚಣಿ ಸಿಗಬೇಕು. ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು 2014ರಲ್ಲಿ ನಿಗದಿಯಾಗಿದೆ. ಮೊತ್ತ ಸಣ್ಣದು, ಆದರೆ ಅದು ಅವರದೇ ಬೆವರಿನ ದುಡ್ಡು. ಬ್ರಾಂಚಿನ ಪುಸ್ತಕದಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಹೆಸರು, ಹುಟ್ಟಿದ ದಿನ ಎರಡರಲ್ಲೂ ಬೇರೆ ಬೇರೆ ಎಂಬ ಕಾರಣಕ್ಕೆ ಎಷ್ಟೋ ಮಂದಿಯ ಭವಿಷ್ಯನಿಧಿ, ಪಿಂಚಣಿ ಸಿಕ್ಕಿಹಾಕಿಕೊಂಡಿದೆ. ಇದನ್ನು ಸರಿಪಡಿಸಲು ಮಾಲಿಕರೂ ಕಾರ್ಮಿಕರೂ ಸೇರಿ ಸಹಿ ಹಾಕುವ ಜಂಟಿ ಘೋಷಣೆಯ ವ್ಯವಸ್ಥೆ ಇದೆ. ಪಿಂಚಣಿ ಬರುತ್ತಿರುವವರು ವರ್ಷಕ್ಕೊಮ್ಮೆ ಜೀವಂತ ಇರುವ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ಅದು ನಿಂತುಹೋಗುತ್ತದೆ. ಅಕ್ಷರ ಬಾರದ ಅಜ್ಜಿಗೆ ಇದೆಲ್ಲ ಹೇಗೆ ತಿಳಿಯಬೇಕು?

ಅವರ ಬೀಡಿಯಿಂದ ಅಕ್ಷರ ಕಲಿತವರು ನಾವಿದ್ದೇವೆ. ಮುಂದಿನ ಭಾನುವಾರ ಮನೆಯ ಟ್ರಂಕು ತೆರೆಯಿರಿ. ಹಳೆಯ ಪಾಸ್ ಪುಸ್ತಕ, ಗುರುತಿನ ಚೀಟಿ, ಭವಿಷ್ಯನಿಧಿಯ ಸಂಖ್ಯೆ ಬರೆದ ಚೀಟಿ ಹುಡುಕಿ. ಅವರ ಪಕ್ಕ ಕುಳಿತು ಹೆಸರು, ತಾರೀಕು ತಾಳೆ ನೋಡಿ, ತಪ್ಪಿದ್ದರೆ ಕಚೇರಿಗೆ ಕರೆದುಕೊಂಡು ಹೋಗಿ. ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳಿ. ಆಗ ಅಜ್ಜಿ ತಾನಾಗಿ ಹಳೆಯ ಕಥೆ ಹೇಳತೊಡಗುತ್ತಾರೆ. ಮಕ್ಕಳಿಗೆ ನಮ್ಮೂರು ಹೇಗಿತ್ತು ಎಂಬುದರ ಜೊತೆಗೆ ಅದು ಯಾರ ದುಡಿಮೆಯಿಂದ ನಿಂತಿತ್ತು ಎಂಬುದೂ ಗೊತ್ತಾಗುತ್ತದೆ.