ಗಾಲ್ಫ್ ಡೈರಿ 4: ಪವರ್ ಇರೋದು ಕಂಕುಳಲ್ಲಿ!

ಮಗಾ, ಬಾಲ್ ದೂರ ಹೋಗ್ತಿಲ್ಲ ಅಂತ ಹೊಸ ಡ್ರೈವರ್ ತಗೊಳ್ಳೋಕೆ ಹೊರಟಿದ್ದೀಯಾ? ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು. ಮೊದಲು ಒಂದು ಟವೆಲ್ ತಗೋ.

ನಾನೂ ಆರು ತಿಂಗಳು ಬರೀ ಕೈಯಲ್ಲೇ ಬೀಸಿದೆ. ಮೈ ನಿಂತುಬಿಡೋದು, ಕೈ ಮಾತ್ರ ಓಡೋದು. ಬಾಲ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ರೇಂಜ್‌ನಲ್ಲಿ ಒಂದೊಂದು ಬಕೆಟ್ಟೂ ನನ್ನ ಪಾಕೆಟ್ ಮನಿ. ಬಿಕಾಂ ಓದೋನಿಗೆ ಈ ಲಾಸ್ ಅರ್ಥ ಆಗೋಕೆ ಮೊಣಕೈ ನೋಯಬೇಕಾಯ್ತು.

ಬೆನ್ ಹೋಗನ್ 1957ರ ‘ಫೈವ್ ಲೆಸನ್ಸ್’ ಪುಸ್ತಕದಲ್ಲೇ ಹೇಳಿದ್ದಾರೆ: ಹೊಡೆಯೋಕೆ ನಿಂತಾಗಲೇ ತೋಳಿನ ಮೇಲ್ಭಾಗ ಎದೆಯ ಪಕ್ಕಕ್ಕೆ ಒತ್ತಿಕೊಂಡಿರಬೇಕು.

ಹೀಗೆ ಮಾಡಿ ನೋಡು. ಎದೆಗೆ ಅಡ್ಡವಾಗಿ ಟವೆಲ್ ಹಿಡಿದು ಎರಡೂ ಕಂಕುಳಲ್ಲಿ ಸಿಕ್ಕಿಸ್ಕೋ. ವೆಡ್ಜ್‌ನಲ್ಲಿ ಅರ್ಧ ಸ್ವಿಂಗ್ ಮಾತ್ರ. ಎದೆ ಜೊತೆಗೆ ತಿರುಗಿದ್ರೆ ಟವೆಲ್ ನಿಲ್ಲುತ್ತೆ, ಕೈ ಒಂದೇ ಓಡಿದ್ರೆ ಬೀಳುತ್ತೆ. ತೀರಾ ಬಿಗಿಯಾಗಿ ಅದುಮಬೇಡ, ಮೈ ಮರಗಟ್ಟುತ್ತೆ. ಡ್ರೈವರ್‌ನ ಫುಲ್ ಸ್ವಿಂಗ್‌ನಲ್ಲಿ ಬಿದ್ರೆ ತಪ್ಪೇನಿಲ್ಲ.

ದುಡ್ಡಿದ್ದೋರ ಆಟ ಅಂತಾರೆ. ಇರಬಹುದು. ಆದ್ರೆ ಈ ಪಾಠಕ್ಕೆ ಮನೇಲಿರೋ ಟವೆಲ್ ಸಾಕು. ಈಗ ಹೇಳು, ಹೊಸ ಡ್ರೈವರ್ರೋ ಹಳೇ ಟವೆಲ್ಲೋ?